ಭೂಮಿಯನ್ನೇ ಹಾದುಹೋಗುವ ಕಣ ಕೋಲಾರದ ಬಂಡೆಗೆ ಸಿಕ್ಕಿದ್ದು

1960ರ ದಶಕದ ಆರಂಭದ ಮಾತು. ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಆಳದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಣ ಎಣಿಸುವ ಉಪಕರಣ ಇಟ್ಟು ಕಾಯುತ್ತಿದ್ದರು. ವಿಶ್ವಕಿರಣಗಳಿಂದ ಹುಟ್ಟಿ ಮೇಲಿನಿಂದ ಸುರಿಯುವ ಮ್ಯುವಾನ್ ಕಣಗಳು ನೆಲದೊಳಗೆ ಎಷ್ಟು ಆಳದವರೆಗೆ ಇಳಿಯಬಲ್ಲವು ಎಂಬುದನ್ನು ಅಳೆಯುವುದು ಅವರ ಕೆಲಸ. ಕೆಳಗೆ ಇಳಿದಂತೆಲ್ಲ ಎಣಿಕೆ ಕಡಿಮೆಯಾಗುತ್ತ ಬಂತು. ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯುವಾನ್ ಬರಲಿಲ್ಲ.

ಆ ಸೊನ್ನೆಯೇ ಅವರಿಗೆ ಹೊಸ ದಾರಿ ತೋರಿಸಿತು. ಮೇಲಿನ ಗದ್ದಲವೆಲ್ಲ ಅಡಗಿದ ಇಂಥ ಜಾಗದಲ್ಲಿ ಯಾವುದಾದರೂ ಕಣ ಕಾಣಿಸಿಕೊಂಡರೆ, ಅದನ್ನು ಹುಟ್ಟಿಸಿದ್ದು ಬಂಡೆಯನ್ನು ಲೆಕ್ಕಿಸದೆ ಒಳಗೆ ಬರಬಲ್ಲ ಇನ್ನೊಂದು ಕಣವೇ ಆಗಿರಬೇಕು. ಅಂಥದ್ದು ಪ್ರಕೃತಿಯಲ್ಲಿ ಒಂದಿದೆ. ಅದು ನ್ಯೂಟ್ರಿನೋ.

ನ್ಯೂಟ್ರಿನೋ ಬಗ್ಗೆ ಬರೆಯುವಾಗ ‘ಯಾವುದನ್ನೂ ಮುಟ್ಟದ ಕಣ’, ‘ಭೂತ ಕಣ’ ಎಂದು ಹೇಳಿ ಮುಂದೆ ಹೋಗುವುದು ರೂಢಿ. ಅದು ಅರ್ಧ ಸತ್ಯ ಮಾತ್ರ. ನ್ಯೂಟ್ರಿನೋ ಮುಟ್ಟುತ್ತದೆ. ಬಹಳ ಅಪರೂಪಕ್ಕೆ ಮುಟ್ಟುತ್ತದೆ, ಆದರೆ ಕಟ್ಟುನಿಟ್ಟಾದ ನಿಯಮದಂತೆ ಮುಟ್ಟುತ್ತದೆ. ಅದರ ಬಗ್ಗೆ ನಮಗೆ ಗೊತ್ತಿರುವುದೆಲ್ಲ ನೀರು, ಬಂಡೆ, ಬಟ್ಟೆ ಶುಚಿಗೊಳಿಸುವ ರಾಸಾಯನಿಕ, ಮಂಜುಗಡ್ಡೆಯಂಥ ಸಾಮಾನ್ಯ ವಸ್ತುಗಳು ಆ ಅಪರೂಪದ ಗಳಿಗೆಯಲ್ಲಿ ಕೊಟ್ಟ ಸಾಕ್ಷಿ.

ಕಾಣೆಯಾದ ಶಕ್ತಿಯ ಲೆಕ್ಕ

ನ್ಯೂಟ್ರಿನೋ ಮೊದಲು ಕಾಣಿಸಿಕೊಂಡದ್ದು ಪ್ರಯೋಗಾಲಯದಲ್ಲಲ್ಲ, ಒಂದು ಕಾಗದದಲ್ಲಿ. ವಿಕಿರಣಶೀಲ ಪರಮಾಣುಗಳ ಬೀಟಾ ವಿಘಟನೆಯಲ್ಲಿ ಹೊರಬರುವ ಎಲೆಕ್ಟ್ರಾನ್‌ಗಳ ಶಕ್ತಿ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಪ್ರತಿ ಸಲವೂ ಒಂದಿಷ್ಟು ಶಕ್ತಿ ಎಲ್ಲಿಗೋ ಹೋಗಿಬಿಡುತ್ತಿತ್ತು. ಶಕ್ತಿ ನಾಶವಾಗುವುದಿಲ್ಲ ಎಂಬ ನಿಯಮವನ್ನೇ ಕೈಬಿಡಬೇಕೇನೋ ಎಂದು ನೀಲ್ಸ್ ಬೋರ್ ಅವರಂಥವರೂ ಯೋಚಿಸತೊಡಗಿದ್ದರು. 1930ರ ಡಿಸೆಂಬರ್ 4ರಂದು ವುಲ್ಫ್‌ಗಾಂಗ್ ಪೌಲಿ ಸಹೋದ್ಯೋಗಿಗಳಿಗೆ ಪತ್ರ ಬರೆದು, ಎಲೆಕ್ಟ್ರಾನಿನ ಜೊತೆಗೆ ವಿದ್ಯುದಾವೇಶವಿಲ್ಲದ ಇನ್ನೊಂದು ಹಗುರ ಕಣ ಆ ಶಕ್ತಿಯನ್ನು ಹೊತ್ತೊಯ್ಯುತ್ತಿರಬಹುದು ಎಂದು ಸೂಚಿಸಿದರು. ಅದನ್ನು ಯಾರಾದರೂ ಕಾಣಬಲ್ಲರು ಎಂಬ ನಂಬಿಕೆ ಅವರಿಗೇ ಇರಲಿಲ್ಲ.

ಎನ್ರಿಕೋ ಫರ್ಮಿ 1933–34ರಲ್ಲಿ ಈ ಕಣವನ್ನು ಸೇರಿಸಿಕೊಂಡು ಬೀಟಾ ವಿಘಟನೆಯ ಸಿದ್ಧಾಂತ ಕಟ್ಟಿದರು. ಒಂದು ಪ್ರಕ್ರಿಯೆ ಮುಂದಕ್ಕೆ ನಡೆಯುವುದಾದರೆ ಹಿಂದಕ್ಕೂ ನಡೆಯಬೇಕು. ನ್ಯೂಟ್ರಾನು ಪ್ರೋಟಾನಾಗಿ ಬದಲಾಗುವಾಗ ನ್ಯೂಟ್ರಿನೋ ಹುಟ್ಟುತ್ತದೆಂದರೆ, ಬರುವ ನ್ಯೂಟ್ರಿನೋವೂ ನ್ಯೂಕ್ಲಿಯಸ್ಸನ್ನು ಹೊಕ್ಕು ಅಂಥದೇ ಬದಲಾವಣೆ ತರಬೇಕು. ಅದರ ಸಾಧ್ಯತೆ ಎಷ್ಟೆಂದು 1934ರಲ್ಲಿ ಹಾನ್ಸ್ ಬೇಥೆ ಮತ್ತು ರುಡಾಲ್ಫ್ ಪಿಯರ್ಲ್ಸ್ ಲೆಕ್ಕ ಹಾಕಿದರು. ಘನವಸ್ತುವಿನಲ್ಲಿ ಇಂಥ ಕಣ ಯಾವುದಕ್ಕೂ ತಾಗದೆ ಸಾಗಬಲ್ಲ ದೂರ ಬೆಳಕು ಸಾವಿರ ವರ್ಷದಲ್ಲಿ ಕ್ರಮಿಸುವಷ್ಟು ಎಂಬ ಉತ್ತರ ಬಂತು. ಇದನ್ನು ನೋಡುವ ಪ್ರಾಯೋಗಿಕ ದಾರಿಯೇ ಇಲ್ಲ ಎಂದು ಇಬ್ಬರೂ ತೀರ್ಮಾನಿಸಿದರು.

ಲೆಕ್ಕದ ಜಾಡು ಸರಿಯಾಗಿಯೇ ಇತ್ತು. ತೀರ್ಮಾನ ಮಾತ್ರ ಉಳಿಯಲಿಲ್ಲ. ಒಂದು ನ್ಯೂಟ್ರಿನೋಗೆ ಆ ದೂರ ಬೇಕು, ನಿಜ. ಆದರೆ ಕೋಟಿ ಕೋಟಿ ನ್ಯೂಟ್ರಿನೋಗಳು ಸತತವಾಗಿ ಸುರಿಯುವ ಕಡೆ ಟನ್‌ಗಟ್ಟಲೆ ವಸ್ತು ಇಟ್ಟು ಕಾದರೆ, ಅವುಗಳಲ್ಲಿ ಯಾವುದೋ ಒಂದು ತಾಗಲೇಬೇಕು.

ಅಪರೂಪ ಏಕೆ?

ಪ್ರಕೃತಿಯ ನಾಲ್ಕು ಮೂಲ ಬಲಗಳಲ್ಲಿ ಎರಡು ನ್ಯೂಟ್ರಿನೋವನ್ನು ಗಮನಿಸುವುದೇ ಇಲ್ಲ. ಅದಕ್ಕೆ ವಿದ್ಯುದಾವೇಶ ಇಲ್ಲದ್ದರಿಂದ ವಿದ್ಯುತ್ಕಾಂತ ಬಲ ತಾಗದು. ಪ್ರೋಟಾನು–ನ್ಯೂಟ್ರಾನುಗಳನ್ನು ಕಟ್ಟಿಹಾಕುವ ಪ್ರಬಲ ಬಲವೂ ತಾಗದು. ಗುರುತ್ವ ತಾಗುತ್ತದಾದರೂ ಒಂದು ಕಣದ ಮಟ್ಟದಲ್ಲಿ ಅದು ಲೆಕ್ಕಕ್ಕಿಲ್ಲ. ಉಳಿಯುವುದು ದುರ್ಬಲ ಬಲ ಒಂದೇ.

ಈ ಬಲದ ವಾಹಕಗಳು ಡಬ್ಲ್ಯು ಮತ್ತು ಝಡ್ ಎಂಬ ಎರಡು ಬಗೆಯ ಕಣಗಳು. ಬೆಳಕಿನ ಕಣಕ್ಕೆ ದ್ರವ್ಯರಾಶಿಯೇ ಇಲ್ಲ. ಡಬ್ಲ್ಯು ಕಣವಾದರೋ ಪ್ರೋಟಾನಿಗಿಂತ ಸುಮಾರು 86 ಪಟ್ಟು ಭಾರ, ಝಡ್ ಇನ್ನೂ ಹೆಚ್ಚು, 97 ಪಟ್ಟು. ಇಷ್ಟು ಭಾರದ ವಾಹಕ ಅತ್ಯಲ್ಪ ಹೊತ್ತು ಮಾತ್ರ ಇರಬಲ್ಲದು. ಆದ್ದರಿಂದ ಅದರ ಕೈ ಚಾಚುವುದು ಪ್ರೋಟಾನಿನ ಗಾತ್ರದ ಸಾವಿರದಲ್ಲೊಂದು ಭಾಗದಷ್ಟು ದೂರಕ್ಕೆ. ಪರಮಾಣುವಿನಲ್ಲಿ ಬಹುಪಾಲು ಖಾಲಿ ಜಾಗ, ನಡುವಿನ ನ್ಯೂಕ್ಲಿಯಸ್ ಚಿಕ್ಕದು, ಅದರೊಳಗಿನ ಕ್ವಾರ್ಕುಗಳ ಹತ್ತಿರ ಅಷ್ಟು ಸಮೀಪ ನ್ಯೂಟ್ರಿನೋ ಬಂದರೆ ಮಾತ್ರ ಏನಾದರೂ ಆದೀತು. ಹಾಗಾಗಿ ದುರ್ಬಲ ಬಲದ ದೌರ್ಬಲ್ಯ ಬಹುಮಟ್ಟಿಗೆ ಅದರ ವಾಹಕದ ಭಾರದಿಂದ ಬಂದದ್ದು. ಈ ಎರಡು ಕಣಗಳು 1983ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಪತ್ತೆಯಾದವು.

ತಾಗುವ ಬಗೆಯೂ ವಾಹಕದ ಮೇಲೆ ನಿಂತಿದೆ. ಡಬ್ಲ್ಯು ಮೂಲಕ ತಾಗಿದರೆ ನ್ಯೂಟ್ರಿನೋ ನ್ಯೂಟ್ರಿನೋ ಆಗಿ ಉಳಿಯುವುದಿಲ್ಲ. ನ್ಯೂಟ್ರಿನೋಗಳಲ್ಲಿ ಮೂರು ಬಗೆ: ಎಲೆಕ್ಟ್ರಾನ್ ಬಗೆಯ ನ್ಯೂಟ್ರಿನೋ ಎಲೆಕ್ಟ್ರಾನ್ ಆಗುತ್ತದೆ, ಮ್ಯುವಾನ್ ಬಗೆಯದು ಮ್ಯುವಾನ್ ಆಗುತ್ತದೆ, ಟೌ ಬಗೆಯದು ಟೌ ಆಗುತ್ತದೆ. ಎದುರಿಗಿದ್ದ ನ್ಯೂಟ್ರಾನು ಪ್ರೋಟಾನಾಗುತ್ತದೆ. ಬಂದದ್ದು ಯಾವ ಬಗೆ ಎಂಬುದು ಹೊರಟ ಕಣದಿಂದ ಗೊತ್ತಾಗುತ್ತದೆ. ಆದರೆ ಮ್ಯುವಾನ್ ಎಲೆಕ್ಟ್ರಾನಿಗಿಂತ 207 ಪಟ್ಟು ಭಾರವಾದ್ದರಿಂದ ಅದನ್ನು ಹುಟ್ಟಿಸುವಷ್ಟು ಶಕ್ತಿ ನ್ಯೂಟ್ರಿನೋ ಬಳಿ ಇರಬೇಕು. ಸೂರ್ಯನಿಂದ ಬರುವವಕ್ಕೆ ಅಷ್ಟು ಶಕ್ತಿ ಇಲ್ಲ.

ಝಡ್ ಮೂಲಕ ತಾಗಿದರೆ ಗುರುತು ಬದಲಾಗುವುದಿಲ್ಲ. ನ್ಯೂಟ್ರಿನೋ ಒಂದು ಏಟು ಕೊಟ್ಟು ತನ್ನ ದಾರಿ ಹಿಡಿಯುತ್ತದೆ. ಏಟು ತಿಂದ ಎಲೆಕ್ಟ್ರಾನ್ ಅಥವಾ ನ್ಯೂಕ್ಲಿಯಸ್ ಮಾತ್ರ ಸಾಕ್ಷಿ. ಇಂಥ ತಾಗುವಿಕೆ ಇದೆಯೆಂದು 1973ರಲ್ಲಿ ಸರ್ನ್‌ನ ಗಾರ್ಗಮೆಲ್ ಎಂಬ ಗುಳ್ಳೆಕೋಶದ ಚಿತ್ರಗಳು ತೋರಿಸಿಕೊಟ್ಟವು. ಅದರೊಳಗೆ ತುಂಬಿದ್ದು ಫ್ರೀಯಾನ್ ಬಗೆಯ ಭಾರದ ದ್ರವ.

ನೀರು ಕೊಟ್ಟ ಮೊದಲ ಸಾಕ್ಷಿ

ನ್ಯೂಟ್ರಿನೋವನ್ನು ಮೊದಲು ಹಿಡಿದವರು ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೊವನ್. ಅಮೆರಿಕದ ಸವಾನಾ ರಿವರ್ ಪರಮಾಣು ರಿಯಾಕ್ಟರಿನ ಹತ್ತಿರ, ನೆಲದಿಂದ 12 ಮೀಟರ್ ಕೆಳಗೆ ಅವರು ನೀರಿನ ತೊಟ್ಟಿಗಳನ್ನಿಟ್ಟರು. ರಿಯಾಕ್ಟರಿನಿಂದ ಹೊರಡುವುದು ನ್ಯೂಟ್ರಿನೋದ ಪ್ರತಿಕಣ. ಅದು ನೀರಿನ ಹೈಡ್ರೋಜನ್ ನ್ಯೂಕ್ಲಿಯಸ್ಸಿಗೆ, ಅಂದರೆ ಪ್ರೋಟಾನಿಗೆ ತಾಗಿದರೆ ಒಂದು ನ್ಯೂಟ್ರಾನು, ಒಂದು ಪಾಸಿಟ್ರಾನು ಹುಟ್ಟುತ್ತವೆ. ಪಾಸಿಟ್ರಾನ್ ಕೂಡಲೇ ಎಲೆಕ್ಟ್ರಾನ್ ಒಂದರ ಜೊತೆ ಸೇರಿ ನಾಶವಾಗಿ ಎರಡು ಗಾಮಾ ಕಿರಣ ಬಿಡುತ್ತದೆ. ನ್ಯೂಟ್ರಾನು ಮೈಕ್ರೋಸೆಕೆಂಡುಗಳ ಕಾಲ ಅಲೆದು, ನೀರಿನಲ್ಲಿ ಕರಗಿಸಿಟ್ಟ ಕ್ಯಾಡ್ಮಿಯಂಗೆ ಸಿಕ್ಕಿ ಮತ್ತೊಂದು ಮಿಂಚು ಹೊರಡಿಸುತ್ತದೆ. ಇಷ್ಟೇ ಅಂತರದಲ್ಲಿ ಒಂದರ ಹಿಂದೊಂದು ಬರುವ ಈ ಜೋಡಿ ಸಂಕೇತವನ್ನು ಬೇರೆ ಯಾವುದೂ ಸುಲಭವಾಗಿ ನಕಲು ಮಾಡಲಾರದು.

ಪ್ರತಿ ಚದರ ಸೆಂಟಿಮೀಟರಿನಲ್ಲಿ ಸೆಕೆಂಡಿಗೆ ಲಕ್ಷಾಂತರ ಕೋಟಿ ಕಣಗಳು ಹಾದುಹೋಗುತ್ತಿದ್ದ ಆ ಜಾಗದಲ್ಲಿ ಅವರಿಗೆ ಸಿಕ್ಕಿದ್ದು ಗಂಟೆಗೆ ಸುಮಾರು ಮೂರು ಘಟನೆ. 1956ರ ಜೂನ್ 14ರಂದು ಪೌಲಿಗೆ ತಂತಿ ಹೋಯಿತು. ಅವರು ಸೂಚಿಸಿ 25 ವರ್ಷಗಳಾಗಿದ್ದವು. ಈ ಕೆಲಸಕ್ಕೆ ರೈನ್ಸ್ ಅವರಿಗೆ ನೊಬೆಲ್ ಬಂದದ್ದು 1995ರಲ್ಲಿ. ಕೊವನ್ 1974ರಲ್ಲೇ ತೀರಿಕೊಂಡಿದ್ದರು.

ಚಾಂಪಿಯನ್ ರೀಫ್‌ನ ಆಳದಲ್ಲಿ

ಮನುಷ್ಯ ಕಟ್ಟಿದ ರಿಯಾಕ್ಟರಿನ ಕಣ ಸಿಕ್ಕಿತು. ಪ್ರಕೃತಿಯೇ ಹುಟ್ಟಿಸಿದ್ದು ಇನ್ನೂ ಸಿಗಬೇಕಿತ್ತು. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಪಯಾನ್‌ಗಳು ಹುಟ್ಟುತ್ತವೆ. ಅವು ಒಡೆದು ಮ್ಯುವಾನ್‌ಗಳೂ ನ್ಯೂಟ್ರಿನೋಗಳೂ ಆಗುತ್ತವೆ. ಈ ನ್ಯೂಟ್ರಿನೋಗಳ ಶಕ್ತಿ ಹೆಚ್ಚು. ಬಂಡೆಯ ನ್ಯೂಕ್ಲಿಯಸ್ ಒಂದಕ್ಕೆ ತಾಗಿದರೆ ಹೊಸ ಮ್ಯುವಾನನ್ನೇ ಹುಟ್ಟಿಸಬಲ್ಲವು. ಆದರೆ ನೆಲದ ಮೇಲೆ ಆ ಒಂದು ಮ್ಯುವಾನನ್ನು ಆಕಾಶದಿಂದ ನೇರವಾಗಿ ಬೀಳುವ ಅಸಂಖ್ಯ ಮ್ಯುವಾನ್‌ಗಳ ನಡುವೆ ಗುರುತಿಸುವ ಬಗೆಯೇ ಇಲ್ಲ. ಅದನ್ನು ಹುಡುಕಲು ಗಣಿಯ ಆಳಕ್ಕೇ ಇಳಿಯಬೇಕು. ಟನ್ ಅದಿರನ್ನು ಅರೆದು ಕೆಲವೇ ಗ್ರಾಂ ಚಿನ್ನ ತೆಗೆಯುತ್ತಿದ್ದ ಊರಿಗೆ ಇದಕ್ಕಿಂತ ಹೊಂದುವ ಕೆಲಸ ಬೇರೊಂದು ಇರಲಾರದು.

ಕೆಜಿಎಫ್‌ಗೂ ವಿಶ್ವಕಿರಣಗಳಿಗೂ ಆಗಲೇ ನಂಟು ಬೆಳೆದಿತ್ತು. ಹೋಮಿ ಭಾಭಾ ಅವರ ಪ್ರೇರಣೆಯಿಂದ 1950ರ ದಶಕದ ಆರಂಭದಲ್ಲೇ ಇಲ್ಲಿ ಉಪಕರಣ ಇಳಿಸಿದವರು ಬಿ.ವಿ. ಶ್ರೀಕಂಠನ್. ಹುಟ್ಟಿದ್ದು ನಂಜನಗೂಡಿನಲ್ಲಿ, ಓದಿದ್ದು ಬೆಂಗಳೂರಿನಲ್ಲಿ, ಮುಂದೆ ಟಾಟಾ ಸಂಸ್ಥೆಯ ನಿರ್ದೇಶಕರಾದರು. ಎಂ.ಜಿ.ಕೆ. ಮೆನನ್, ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ, ಜಪಾನಿನ ಒಸಾಕಾದ ಎಸ್. ಮಿಯಾಕೆ, ಇಂಗ್ಲೆಂಡಿನ ಡರ್ಹಮ್‌ನ ಎ.ಡಬ್ಲ್ಯು. ವುಲ್ಫೆಂಡೇಲ್ ಮುಂತಾದವರು ಈ ಸಾಹಸದಲ್ಲಿ ಕೈಜೋಡಿಸಿದರು.

ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟ್‌ನಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ ಉಪಕರಣಗಳನ್ನು ಜೋಡಿಸಿದರು. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಹಲಗೆಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿ, ನಡುವೆ ಕಣದ ಜಾಡು ತೋರಿಸುವ ನಿಯಾನ್ ಕೊಳವೆಗಳ ಸಾಲುಗಳನ್ನು ಇಟ್ಟರು. ನೆಟ್ಟಗೆ ನಿಲ್ಲಿಸಿದ್ದಕ್ಕೆ ಕಾರಣವಿದೆ. ಅಷ್ಟು ಆಳಕ್ಕೆ ಹೇಗೋ ಇಳಿದುಬರುವ ವಿಶ್ವಕಿರಣದ ಮ್ಯುವಾನ್ ಹೆಚ್ಚುಕಡಿಮೆ ನೇರ ಮೇಲಿನಿಂದಲೇ ಬರಬೇಕು. ಓರೆಯಾಗಿ ಬಂದರೆ ಅದು ಹಾಯಬೇಕಾದ ಬಂಡೆ ಇನ್ನೂ ಹೆಚ್ಚಾಗಿ, ನಡುವೆಯೇ ನಿಂತುಹೋಗುತ್ತದೆ. ಅಡ್ಡಡ್ಡವಾಗಿ ಬಂದ ಮ್ಯುವಾನ್ ಒಂದು ಕಂಡಿತೆಂದರೆ ಅದು ಅಲ್ಲೇ ಹತ್ತಿರದ ಬಂಡೆಯಲ್ಲಿ ನ್ಯೂಟ್ರಿನೋ ತಾಗಿ ಹುಟ್ಟಿದ್ದು. ಹೀಗೆ ತಡೆಗೋಡೆಯೂ ಬಂಡೆಯೇ, ಗುರಿಯೂ ಬಂಡೆಯೇ ಆಯಿತು. ಕೋಲಾರದ ಬಂಡೆ ನೀರಿಗಿಂತ ಮೂರು ಪಟ್ಟು ಸಾಂದ್ರವಾದ್ದರಿಂದ 2.3 ಕಿಲೋಮೀಟರ್ ಆಳ 7 ಕಿಲೋಮೀಟರ್ ನೀರಿನಡಿ ಇದ್ದಂತೆ.

1965ರಲ್ಲಿ ಅಂಥ ಜಾಡುಗಳು ಸಿಕ್ಕವು. ಅದೇ ಕಾಲಕ್ಕೆ ದಕ್ಷಿಣ ಆಫ್ರಿಕದ ಇನ್ನೂ ಆಳದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ಅವರ ತಂಡವೂ ಇದೇ ಹುಡುಕಾಟದಲ್ಲಿತ್ತು. ಎರಡೂ ತಂಡಗಳ ಪ್ರಬಂಧಗಳು ಆ ವರ್ಷದ ಆಗಸ್ಟ್ ತಿಂಗಳಲ್ಲೇ ಪ್ರಕಟವಾದವು. ಕೆಜಿಎಫ್‌ನದು ಎರಡು ವಾರ ಮೊದಲು ಬಂತು. ವಾತಾವರಣದ ನ್ಯೂಟ್ರಿನೋಗಳು ವಸ್ತುವಿಗೆ ತಾಗಿದ್ದನ್ನು ಲೋಕಕ್ಕೆ ಸಾರಿದ ಮೊದಲ ಜಾಗಗಳಲ್ಲಿ ಒಂದು ಕರ್ನಾಟಕದ ನೆಲ ಎಂಬುದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಸಂಗತಿ.

ಸೂರ್ಯನ ಗುಟ್ಟು, ಭಾರಜಲದ ಉತ್ತರ

ಸೂರ್ಯನ ಒಡಲಲ್ಲಿ ಹೈಡ್ರೋಜನ್ ಹೀಲಿಯಂ ಆಗುವಾಗ ಹುಟ್ಟುವ ನ್ಯೂಟ್ರಿನೋಗಳು ಎಂಟು ನಿಮಿಷ ಚಿಲ್ಲರೆ ಹೊತ್ತಿನಲ್ಲಿ ಭೂಮಿ ತಲುಪುತ್ತವೆ. ಇಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೂಲಕ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ. ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ, ಅದೂ ಚಿನ್ನದ ಗಣಿಯೇ, ರೇಮಂಡ್ ಡೇವಿಸ್ ಸುಮಾರು 3.8 ಲಕ್ಷ ಲೀಟರ್ ಪರ್ಕ್ಲೋರೋಎಥಿಲಿನ್ ತುಂಬಿದ ತೊಟ್ಟಿ ಇಟ್ಟರು. ಡ್ರೈಕ್ಲೀನಿಂಗ್‌ಗೆ ಬಳಸುವ ದ್ರವ ಅದು. ಅದರ ಕ್ಲೋರಿನ್ ಪರಮಾಣುವಿಗೆ ನ್ಯೂಟ್ರಿನೋ ತಾಗಿದರೆ ಆರ್ಗಾನ್ ಆಗುತ್ತದೆ. ಇಡೀ ತೊಟ್ಟಿಯಲ್ಲಿ ಎರಡು ದಿನಕ್ಕೆ ಒಂದರಂತೆ ಹುಟ್ಟುತ್ತಿದ್ದ ಆರ್ಗಾನ್ ಪರಮಾಣುಗಳನ್ನು ಹೀಲಿಯಂ ಹರಿಸಿ ಹೊರತೆಗೆದು ಎಣಿಸಿದರು. ದಶಕಗಳ ಕಾಲ ಎಣಿಸಿದರೂ ಸಿಕ್ಕಿದ್ದು ಸಿದ್ಧಾಂತ ಹೇಳಿದ್ದರ ಮೂರನೇ ಒಂದು ಪಾಲು.

ಉಳಿದವು ಎಲ್ಲಿ ಹೋದವು? ಉತ್ತರ ಕೊಟ್ಟದ್ದು ಕೆನಡಾದ ಸಡ್ಬರಿಯಲ್ಲಿ ಎರಡು ಕಿಲೋಮೀಟರ್ ಆಳದಲ್ಲಿಟ್ಟ 1,000 ಟನ್ ಭಾರಜಲ. ಭಾರಜಲದ ಡ್ಯುಟೀರಿಯಂ ನ್ಯೂಕ್ಲಿಯಸ್ಸಿನಲ್ಲಿ ಒಂದು ಪ್ರೋಟಾನು, ಒಂದು ನ್ಯೂಟ್ರಾನು ಸಡಿಲವಾಗಿ ಕೂಡಿಕೊಂಡಿವೆ. ಎಲೆಕ್ಟ್ರಾನ್ ಬಗೆಯ ನ್ಯೂಟ್ರಿನೋ ಡಬ್ಲ್ಯು ಮೂಲಕ ತಾಗಿದರೆ ಎಲೆಕ್ಟ್ರಾನ್ ಹೊರಡುತ್ತದೆ. ಯಾವ ಬಗೆಯದೇ ಆದರೂ ಝಡ್ ಮೂಲಕ ತಾಗಿದರೆ ಜೋಡಿ ಒಡೆದು ನ್ಯೂಟ್ರಾನು ಬೇರೆಯಾಗುತ್ತದೆ. ಮೊದಲನೆಯ ಎಣಿಕೆ ಮೂರನೇ ಒಂದು ಪಾಲು ಬಂತು. 2002ರಲ್ಲಿ ಪ್ರಕಟವಾದ ಎರಡನೆಯ ಎಣಿಕೆ ಸೂರ್ಯನ ಲೆಕ್ಕಕ್ಕೆ ಸರಿಹೊಂದಿತು. ನ್ಯೂಟ್ರಿನೋಗಳು ಕಳೆದುಹೋಗಿರಲಿಲ್ಲ, ದಾರಿಯಲ್ಲಿ ಬಗೆ ಬದಲಿಸಿದ್ದವು. ಇದಕ್ಕೂ ಮೊದಲು, 1998ರಲ್ಲಿ, ಜಪಾನಿನ ಸೂಪರ್ ಕಾಮಿಯೊಕಾಂಡೆಯ 50,000 ಟನ್ ನೀರು ವಾತಾವರಣದ ನ್ಯೂಟ್ರಿನೋಗಳಲ್ಲಿ ಇದೇ ಬದಲಾವಣೆಯನ್ನು ತೋರಿಸಿತ್ತು. ಬಗೆ ಬದಲಿಸಬೇಕಾದರೆ ದ್ರವ್ಯರಾಶಿ ಇರಲೇಬೇಕು. ಈ ಸಾಧನೆಗೆ ತಕಾಕಿ ಕಜಿತಾ ಮತ್ತು ಆರ್ಥರ್ ಮೆಕ್‌ಡೊನಾಲ್ಡ್ 2015ರ ನೊಬೆಲ್ ಹಂಚಿಕೊಂಡರು.

ಇಲ್ಲಿಯೂ ಸಾಮಾನ್ಯ ವಸ್ತುವಿನ ಪಾತ್ರ ದೊಡ್ಡದು. ಸೂರ್ಯನೊಳಗಿನ ಎಲೆಕ್ಟ್ರಾನ್‌ಗಳು ಹಾದುಹೋಗುವ ನ್ಯೂಟ್ರಿನೋವನ್ನು ದಿಕ್ಕು ತಪ್ಪಿಸದೆಯೂ ಪ್ರಭಾವಿಸುತ್ತವೆ. ಎಲೆಕ್ಟ್ರಾನ್ ಬಗೆಯದರ ಮೇಲೆ ಈ ಪ್ರಭಾವ ಹೆಚ್ಚು, ಉಳಿದ ಎರಡರ ಮೇಲೆ ಕಡಿಮೆ. ಆದ್ದರಿಂದ ಬಗೆ ಬದಲಾಗುವ ಪ್ರಮಾಣವೇ ಬೇರೆಯಾಗುತ್ತದೆ. 1978ರಲ್ಲಿ ಲಿಂಕನ್ ವುಲ್ಫೆನ್‌ಸ್ಟೈನ್, 1985ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಮಿಖೆಯೇವ್ ಮತ್ತು ಸ್ಮಿರ್ನೋವ್ ಇದನ್ನು ವಿವರಿಸಿದರು. ಢಿಕ್ಕಿಯಾಗದೆಯೂ ವಸ್ತು ನ್ಯೂಟ್ರಿನೋವನ್ನು ಬದಲಿಸುತ್ತದೆ ಎಂಬುದೇ ಈ ಶಾಸ್ತ್ರದ ಸೊಗಸಾದ ಪಾಠಗಳಲ್ಲೊಂದು.

ನಮ್ಮ ಮೈಯಲ್ಲಿ ಎಷ್ಟು?

ಮನುಷ್ಯನ ದೇಹದಲ್ಲಿ ಬದುಕಿಡೀ ಒಂದೋ ಎರಡೋ ನ್ಯೂಟ್ರಿನೋ ತಾಗುತ್ತದೆ ಎಂದು ಹಲವೆಡೆ ಓದಿರುತ್ತೇವೆ. ಇಟಲಿಯ ಗ್ರಾನ್ ಸಾಸೋ ಬೆಟ್ಟದಡಿ 2007ರಿಂದ 2021ರವರೆಗೆ ನಡೆದ ಬೊರೆಕ್ಸಿನೋ ಪ್ರಯೋಗದ ಅಳತೆ ಬೇರೆಯದನ್ನೇ ಹೇಳುತ್ತದೆ. ಅಲ್ಲಿ 100 ಟನ್ ದ್ರವದ ಎಲೆಕ್ಟ್ರಾನ್‌ಗಳಿಗೆ ದಿನಕ್ಕೆ ಹೆಚ್ಚುಕಡಿಮೆ 180 ಸೌರ ನ್ಯೂಟ್ರಿನೋಗಳು ತಾಗುತ್ತಿದ್ದವು. ಅದನ್ನು 70 ಕಿಲೋ ತೂಕದ ದೇಹಕ್ಕೆ ಇಳಿಸಿದರೆ ವಾರಕ್ಕೆ ಸುಮಾರು ಒಂದು. ಪ್ರತಿ ಸೆಕೆಂಡಿಗೆ ಹತ್ತಾರು ಲಕ್ಷ ಕೋಟಿ ಹಾದುಹೋಗುವಾಗ ವಾರಕ್ಕೊಂದು ಎಲೆಕ್ಟ್ರಾನ್ ಕೊಂಚ ಕದಲುವುದರಿಂದ ದೇಹಕ್ಕೆ ಏನೂ ಆಗದು. ನಾವೂ ನ್ಯೂಟ್ರಿನೋ ಹೊರಡಿಸುತ್ತೇವೆ. ಮೈಯಲ್ಲಿರುವ ಪೊಟ್ಯಾಸಿಯಂನ ವಿಕಿರಣಶೀಲ ಪಾಲು ಒಡೆಯುವುದರಿಂದ ದಿನಕ್ಕೆ 30 ಕೋಟಿಗೂ ಹೆಚ್ಚು ಹೊರಹೋಗುತ್ತವೆ.

ನ್ಯೂಕ್ಲಿಯಸ್ ಇಡಿಯಾಗಿ ಏಟು ತಿನ್ನುವ ಇನ್ನೊಂದು ಬಗೆಯೂ ಇದೆ. ನ್ಯೂಟ್ರಿನೋದ ಶಕ್ತಿ ಕಡಿಮೆ ಇದ್ದಾಗ ಅದಕ್ಕೆ ನ್ಯೂಕ್ಲಿಯಸ್ಸಿನೊಳಗಿನ ಕಣಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಎಲ್ಲವೂ ಒಟ್ಟಾಗಿ ಸ್ಪಂದಿಸುತ್ತವೆ. ಆಗ ತಾಗುವ ಸಾಧ್ಯತೆ ಸರಿಸುಮಾರು ನ್ಯೂಟ್ರಾನ್ ಸಂಖ್ಯೆಯ ವರ್ಗದಂತೆ ಏರುತ್ತದೆ. 1974ರಲ್ಲಿ ಡೇನಿಯಲ್ ಫ್ರೀಡ್‌ಮನ್ ಹೇಳಿದ್ದನ್ನು 2017ರಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಕಂಡುಕೊಂಡರು. ಅದಕ್ಕೆ ಸಾವಿರಾರು ಟನ್ ಬೇಕಾಗಲಿಲ್ಲ. 14.6 ಕಿಲೋ ಸೀಸಿಯಂ ಅಯೊಡೈಡ್ ಹರಳು ಸಾಕಾಯಿತು.

ಶಕ್ತಿ ಏರಿದಾಗ ಭೂಮಿಯೂ ಗೋಡೆ

ಶಕ್ತಿ ಹೆಚ್ಚಿದಂತೆ ನ್ಯೂಟ್ರಿನೋ ತಾಗುವ ಸಾಧ್ಯತೆಯೂ ಹೆಚ್ಚುತ್ತದೆ. ದಕ್ಷಿಣ ಧ್ರುವದ ಐಸ್‌ಕ್ಯೂಬ್ ಇದನ್ನು ಅಳೆದು ತೋರಿಸಿದೆ. ಅಲ್ಲಿ ಒಂದು ಘನ ಕಿಲೋಮೀಟರ್ ಮಂಜುಗಡ್ಡೆಯೊಳಗೆ 5,160 ಬೆಳಕಿನ ಸಂವೇದಕಗಳನ್ನು ಹುದುಗಿಸಿದ್ದಾರೆ. ಶಕ್ತಿ ಸುಮಾರು 40 ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್ ಮುಟ್ಟಿದಾಗ, ಭೂಮಿಯ ಒಡಲನ್ನು ಸೀಳಿಕೊಂಡು ಬರಲು ಹೊರಟ ನ್ಯೂಟ್ರಿನೋಗಳಲ್ಲಿ ಹೆಚ್ಚಿನವು ದಾರಿಯಲ್ಲೇ ನಿಂತುಹೋಗುತ್ತವೆ. ಅದಕ್ಕೂ ಮೇಲಿನವಕ್ಕೆ ಭೂಮಿ ಗೋಡೆಯೇ ಸರಿ.

2023ರ ಫೆಬ್ರುವರಿ 13ರಂದು ಸಿಸಿಲಿ ದ್ವೀಪದ ಬಳಿ, ಮೆಡಿಟರೇನಿಯನ್ ಸಮುದ್ರದ ತಳದಲ್ಲಿರುವ ಕೆಎಂ3ನೆಟ್ ಸಂವೇದಕಗಳನ್ನು ಒಂದು ಮ್ಯುವಾನ್ ಬೆಳಗಿಸಿತು. ಅದನ್ನು ಹುಟ್ಟಿಸಿದ ನ್ಯೂಟ್ರಿನೋದ ಶಕ್ತಿ ಸರ್ನ್‌ನ ದೊಡ್ಡ ಯಂತ್ರದ ಪ್ರೋಟಾನಿಗಿಂತ 30,000 ಪಟ್ಟು ಹೆಚ್ಚೆಂಬ ಅಂದಾಜು 2025ರಲ್ಲಿ ಪ್ರಕಟವಾಯಿತು. ಅದು ಬಂದದ್ದೂ ಹೆಚ್ಚುಕಡಿಮೆ ಅಡ್ಡಡ್ಡವಾಗಿ. ಕೆಜಿಎಫ್‌ನಲ್ಲಿ ಬಳಸಿದ ತರ್ಕವೇ ಇಲ್ಲಿಯೂ ಅದನ್ನು ನ್ಯೂಟ್ರಿನೋ ಎಂದು ಗುರುತಿಸಲು ನೆರವಾಯಿತು.

ಮುಂದಿನ ಮಾತು

ಕೋಲಾರದ ಗಣಿಗಳು 2001ರ ಫೆಬ್ರುವರಿಯಲ್ಲಿ ಮುಚ್ಚಿದವು. ಆ ಪರಂಪರೆಯನ್ನು ಮುಂದುವರಿಸಲು ಯೋಜಿಸಿದ್ದು ಭಾರತದ ನ್ಯೂಟ್ರಿನೋ ವೀಕ್ಷಣಾಲಯ. ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟವೊಂದರ ಒಳಗೆ 50,000 ಟನ್ ಕಾಂತೀಯ ಕಬ್ಬಿಣ ಇಡುವ ಈ ಯೋಜನೆಗೆ ಕೇಂದ್ರ ಸಂಪುಟ 2015ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕಾಂತಕ್ಷೇತ್ರದಲ್ಲಿ ಮ್ಯುವಾನ್ ಯಾವ ಕಡೆ ಬಾಗುತ್ತದೆ ಎಂಬುದನ್ನು ನೋಡಿ ನ್ಯೂಟ್ರಿನೋ ಯಾವುದು, ಪ್ರತಿನ್ಯೂಟ್ರಿನೋ ಯಾವುದು ಎಂದು ಬೇರ್ಪಡಿಸಬಹುದು. ಭೂಮಿಯ ವಸ್ತು ಈ ಎರಡರ ಮೇಲೆ ಬೇರೆ ಬೇರೆ ಪ್ರಭಾವ ಬೀರುವುದರಿಂದ, ನ್ಯೂಟ್ರಿನೋಗಳ ಮೂರು ದ್ರವ್ಯರಾಶಿಗಳಲ್ಲಿ ಯಾವುದು ಹಗುರ, ಯಾವುದು ಭಾರ ಎಂಬುದನ್ನು ತಿಳಿಯುವ ದಾರಿ ಇದು. ಸ್ಥಳೀಯರ ವಿರೋಧ, ಪಶ್ಚಿಮ ಘಟ್ಟದ ಬಗೆಗಿನ ಆತಂಕ, ನ್ಯಾಯಾಲಯದ ವ್ಯಾಜ್ಯಗಳ ನಡುವೆ ಕೆಲಸ ನಿಂತಿತು. ಮದುರೈಯಲ್ಲಿ 85 ಟನ್‌ನ ಪುಟ್ಟ ಮಾದರಿಯೊಂದು ಸಿದ್ಧವಾಯಿತು. ಇತ್ತ ಚೀನಾ 20,000 ಟನ್ ದ್ರವದ ಜೂನೋ ಪ್ರಯೋಗವನ್ನು 2025ರ ಆಗಸ್ಟ್‌ನಲ್ಲಿ ಆರಂಭಿಸಿ ಅದೇ ಪ್ರಶ್ನೆಯ ಬೆನ್ನು ಹತ್ತಿದೆ.

ನ್ಯೂಟ್ರಿನೋದಿಂದ ಅಪಾಯ ಎಂಬ ಹೆದರಿಕೆಗೆ ಆಧಾರವಿಲ್ಲ. ವೀಕ್ಷಣಾಲಯ ಇದ್ದರೂ ಇಲ್ಲದಿದ್ದರೂ ಆಕಾಶದ ನ್ಯೂಟ್ರಿನೋಗಳು ಎಲ್ಲರ ಮೈಯನ್ನೂ ಹಾದುಹೋಗುತ್ತಲೇ ಇರುತ್ತವೆ. ಆದರೆ ಬೆಟ್ಟ ಕೊರೆಯುವುದು, ನೀರಿನ ಸೆಲೆ, ಕಾಡು ಇವುಗಳ ಬಗ್ಗೆ ಆ ಊರಿನ ಜನ ಕೇಳುವ ಪ್ರಶ್ನೆ ನ್ಯಾಯವಾದದ್ದು. ಅವರ ಭಾಷೆಯಲ್ಲಿ, ಅವರ ಎದುರು ಕುಳಿತು ಉತ್ತರಿಸುವುದು ವಿಜ್ಞಾನಿಗಳ ಮತ್ತು ಸರ್ಕಾರಗಳ ಹೊಣೆ. ಜಾಗ ಅದೇ ಆಗಬೇಕೆಂಬ ಹಟ ಬೇಡ. ದಖನ್ನಿನ ಗಟ್ಟಿ ಬಂಡೆ ಬೇರೆಡೆಯೂ ಇದೆ. ಕೆಲಸ ಮಾತ್ರ ನಿಲ್ಲಬಾರದು. ಜಗತ್ತಿಗೆ ದಾರಿ ತೋರಿದವರ ಸಾಲಿನಲ್ಲಿದ್ದ ದೇಶ ಇನ್ನು ತಡಮಾಡದೆ ತೀರ್ಮಾನ ತೆಗೆದುಕೊಳ್ಳಲಿ, ಆ ತೀರ್ಮಾನವನ್ನು ಜನರ ಮುಂದೆ ಬಿಚ್ಚಿಡಲಿ.